ಕಾಲರಿನ ಬಾಗು

ಹೆಂಡತಿ ಮಗಳನ್ನು ಕರೆದುಕೊಂಡು ತಮ್ಮ ಈ ಊರು ಬಿಟ್ಟು ಪರದೇಶಕ್ಕೆ ಹೋಗುತ್ತಿದ್ದಾನೆ ಎನ್ನುವ ಸುದ್ದಿಗೆ ಪಡಬೇಕಾದ ಸಂತೋಷವನ್ನೆಲ್ಲ ಅವನು ಮೊದಲ ದಿನವೇ ಪಟ್ಟು ಮುಗಿಸಿದ್ದ. ತಮ್ಮನ ಬೆನ್ನು ತಟ್ಟಿದ್ದಾಯಿತು, ತಮ್ಮನ ಹೆಂಡತಿಗೆ "ಒಳ್ಳೇದಾಯ್ತು ಕಣಮ್ಮ" ಎಂದದ್ದಾಯಿತು, ಹೊಲಿಗೆ ಅಂಗಡಿಯಲ್ಲಿ ಎಲ್ಲರಿಗೂ ತಾನೇ ಮುಂದೆ ನಿಂತು ಟೀ ಕುಡಿಸಿದ್ದಾಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ. ಇಂಥ ಸಂತೋಷವನ್ನು ಒಂದು ಸಲ ಪಟ್ಟರೆ ಸಾಲದು, ಸಿಕ್ಕವರೆದುರಿಗೆಲ್ಲ ಹೊಸದಾಗಿ ಪಡುತ್ತಲೇ ಇರಬೇಕು ಎಂದು ಅವನಿಗೆ ಯಾರು ಹೇಳಿದ್ದರು? ಬೆಳಗ್ಗೆ ಬ್ರೆಡ್ಡು ತರಲು ಇಳಿದರೆ ಮೂಲೆಯಂಗಡಿಯವನು, "ಏನ್ ಸ್ವಾಮಿ, ತಮ್ಮ ಹಾರಿಬಿಟ್ರಂತೆ! ನೀವ್ಯಾವಾಗ?" ಎನ್ನುತ್ತಿದ್ದ. ಕ್ಷೌರದವನಂತೂ ಕತ್ತಿಯನ್ನು ಗಂಟಲಿಗೆ ಆನಿಸಿಕೊಂಡೇ ಅದೇ ಮಾತು ಕೇಳುತ್ತಿದ್ದ. ಅಲ್ಲಾಡುವಂತಿಲ್ಲ, ಉತ್ತರ ಹೇಳದೆ ಏಳುವಂತಿಲ್ಲ. ಜನ ಒಳ್ಳೆಯವರೇ. ಅವರ ಬಾಯಲ್ಲಿ ವಿಷವೇನೂ ಇರಲಿಲ್ಲ. ಆದರೆ ಇಷ್ಟು ವರ್ಷ ಈ ಬೀದಿಯಲ್ಲಿ ತಮ್ಮನನ್ನು ಜನ ಗುರುತಿಸುತ್ತಿದ್ದದ್ದು ಇವನ ತಮ್ಮ ಎಂದು. ಈಗ ಅದು ಹೇಗೋ ತಿರುಗುಮುರುಗಾಗಿ, ಇವನು ಹೊರಟುನಿಂತವನ ಅಣ್ಣನಾಗಿಬಿಟ್ಟಿದ್ದ. ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇನು ಬಂತು, ಹೊಟ್ಟೆಕಿಚ್ಚೇ. ಅವನಿಗೂ ಅದು ಗೊತ್ತಿತ್ತು. ಗೊತ್ತಿದ್ದರೆ ಕಡಿಮೆಯಾಗುವಂಥದ್ದಲ್ಲ ಅದು.

ಅಂದು ಅಂಗಡಿಗೆ ವಾರದ ರಜೆ. ಅವನು ಕಿಟಕಿಯ ಪಕ್ಕ ತನ್ನದೇ ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತ ಕುಳಿತಿದ್ದ. ಮೇಲಿನ ಮಹಡಿಯಲ್ಲಿ ತಮ್ಮನ ಮನೆ. ಅಲ್ಲಿ ಏನನ್ನೋ ಎಳೆದಾಡುತ್ತಿದ್ದರು. ಹೆಂಡತಿ ಅಡುಗೆಮನೆಯಿಂದ, "ಪೆಟ್ಟಿಗೆ ಬಂತಂತೆ ರೀ. ಚಕ್ರ ಇರೋದು" ಎಂದಳು. "ಬರ್ಲಿ ಬರ್ಲಿ. ಇಲ್ಲಿಂದ ಧೂಳು ತುಂಬ್ಕೊಂಡು ಹೋಗ್ತಾರೇನೋ, ಅಲ್ಲಿ ಸಿಗಲ್ಲವಂತೆ" ಎಂದ. ಅವಳು ನಗಲಿಲ್ಲ. ಹಿಂದೆಲ್ಲ ನಗುತ್ತಿದ್ದಳು. ಊರು ಬಿಟ್ಟು ಹೋದವರನ್ನು ಆಡಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ. ರಜೆಗೆ ಬಂದವರು ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡುವುದು, ಬಸ್ಸು ಹತ್ತುವ ಮೊದಲೇ ಕೈ ಒರೆಸಿಕೊಳ್ಳುವುದು, ಮಾತಿನ ನಡುವೆ ಪದ ಮರೆತವರಂತೆ ಬೆರಳು ಚಿಟಿಕೆ ಹೊಡೆಯುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದ. ಅಂಗಡಿಯ ಒಳಕೋಣೆಯಲ್ಲಿ ಹೊಲಿಯುವವರೆಲ್ಲ ಮೆಷಿನ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ತಮ್ಮನೇ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಸಾಕು ಬಿಡೋ ಅಣ್ಣಾ" ಎನ್ನುತ್ತಿದ್ದ. ಆಗೆಲ್ಲ ಆ ನಗುವಿನ ಹಿಂದೆ ಈ ಹೊರಡುವ ಯೋಚನೆ ಇತ್ತೇ? ಇದ್ದರೆ ಎಂದಿನಿಂದ? ದಾರ ಗಂಟಾಯಿತು. ಬಿಡಿಸಲು ಹೋದರೆ ಇನ್ನಷ್ಟು ಬಿಗಿಯಿತು. ಹಲ್ಲಿನಲ್ಲಿ ಕಡಿದು ಬಿಸಾಕಿದ.

ತಮ್ಮನಿಗೆ ಕೆಲಸ ಕೊಟ್ಟ ಆ ಪರದೇಶದವನು ಅಂಗಡಿಗೆ ಬಂದ ದಿನವೂ ಹೀಗೆಯೇ ಇವನ ಬಾಯಲ್ಲಿ ದಾರವಿತ್ತು. ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ನೇತುಹಾಕಿಕೊಂಡ ತೆಳ್ಳನೆಯ ಮನುಷ್ಯ. ಅಲ್ಲಿಯ ದೊಡ್ಡ ಹೊಲಿಗೆ ಮನೆಗೆ ಕೆಲಸಗಾರರನ್ನು ಹುಡುಕಿಕೊಂಡು ಬಂದಿದ್ದನಂತೆ. ಅಂಗಡಿಯ ಯಜಮಾನರು ಅವನ ಹಿಂದೆ ಮುಂದೆ ಸುಳಿಯುತ್ತಿದ್ದರು. ಆ ಮನುಷ್ಯ ಒಂದು ಕೋಟು ತೆಗೆದ. ಜೇಬು ನೋಡಲಿಲ್ಲ, ಒಳಗಿನ ಅಸ್ತರು ನೋಡಲಿಲ್ಲ. ಕಾಲರನ್ನು ಮೇಲೆತ್ತಿ ಕೈಬಿಟ್ಟ. ಅದು ತಾನಾಗಿ ಮಡಚಿಕೊಂಡು ತನ್ನ ಜಾಗದಲ್ಲಿ ಕುಳಿತಿತು. ಮತ್ತೆ ಎತ್ತಿದ, ಮತ್ತೆ ಬಿಟ್ಟ. ಒಳಕೋಣೆಯ ಪರದೆಯ ಸಂದಿಯಿಂದ ಇವನು ಉಸಿರು ಹಿಡಿದು ನೋಡುತ್ತಿದ್ದ. ಅದು ಇವನು ಹೊಲಿದ ಕಾಲರು. ಆ ಅಂಗಡಿಯಿಂದ ಹೊರಗೆ ಹೋದ ಒಂದೊಂದು ಕೋಟಿನ ಕಾಲರೂ ಇವನದೇ. ಆದರೆ ಕಸುಬಿನಲ್ಲಿ ಒಂದು ರೂಢಿಯಿದೆ: ಕೋಟು ಯಾರದು ಎಂದರೆ ಕತ್ತರಿಸಿದವನದು. ಹೊಲಿದವನು ಹೊಲಿದ, ಗುಂಡಿ ಹಚ್ಚಿದವನು ಹಚ್ಚಿದ, ಇಸ್ತ್ರಿ ಹಾಕಿದವನು ಹಾಕಿದ. ಹೆಸರು ಮಾತ್ರ ಕಟಿಂಗ್ ಮಾಸ್ಟರಿನದು, ಅಂದರೆ ತಮ್ಮನದು. "ಯಾರು ಮಾಡಿದ್ದು?" ಎಂದು ಆ ಮನುಷ್ಯ ಕೇಳಿದಾಗ ಯಜಮಾನರು, "ಮಾಸ್ಟರ್!" ಎಂದು ಕೂಗಿದರು. ಅದರಲ್ಲಿ ಮೋಸವಿರಲಿಲ್ಲ. ಇವನನ್ನೇ ಕೇಳಿದ್ದರೂ ಇವನೂ ತಮ್ಮನನ್ನೇ ಕೂಗುತ್ತಿದ್ದ. ತಮ್ಮ ಕತ್ತರಿಯನ್ನು ಮೇಜಿನ ಮೇಲಿಟ್ಟು, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಹೋದ. ಆ ಟೇಪು! ಇಬ್ಬರೂ ಒಟ್ಟಿಗೆ ಆ ಅಂಗಡಿಗೆ ಕೆಲಸ ಕಲಿಯಲು ಸೇರಿದವರು. ಯಜಮಾನರು ಒಂದು ದಿನ ಇಬ್ಬರನ್ನೂ ನೋಡಿ, "ಇವನ ಮಾತು ಚೆನ್ನಾಗಿದೆ, ಗಿರಾಕಿಗಳ ಮುಂದೆ ಇರ್ಲಿ" ಎಂದು ಟೇಪನ್ನು ಚಿಕ್ಕವನ ಕೊರಳಿಗೆ ಹಾಕಿದ್ದರು. ದೊಡ್ಡವನ ಕೈ ಚೆನ್ನಾಗಿತ್ತು. ಅವನು ಒಳಗೆ ಹೋದ. ಅಂದಿನಿಂದ ಇಂದಿನವರೆಗೆ ಒಳಗೇ ಇದ್ದ. ಆ ದಿನ ಪರದೆಯ ಆಚೆ ಆ ತೆಳ್ಳನೆಯವನು ತಮ್ಮನ ಕೈ ಕುಲುಕಿದ್ದನ್ನು ನೋಡಿ ಇವನು ಬಂದು ತನ್ನ ಜಾಗದಲ್ಲಿ ಕುಳಿತು, ಕೈಲಿದ್ದ ಬಟ್ಟೆ ಯಾವುದೆಂದೂ ನೋಡದೆ ಮೆಷಿನ್ ತುಳಿಯತೊಡಗಿದ್ದ. ಸದ್ದು ಜೋರಾಗಿದ್ದಷ್ಟೂ ಒಳ್ಳೆಯದು ಅನ್ನಿಸಿತ್ತು.

"ದೊಡ್ಡಪ್ಪಾ!" ಎಂದು ಪುಟ್ಟಿ ಬಾಗಿಲು ತಳ್ಳಿಕೊಂಡು ಬಂದಳು. ತಮ್ಮನ ಮಗಳು. ಹುಟ್ಟಿದಾಗಿನಿಂದ ಮೇಲಿನ ಮನೆಯಲ್ಲಿ ಮಲಗಿ ಕೆಳಗಿನ ಮನೆಯಲ್ಲಿ ಬೆಳೆದವಳು. ಅವನಿಗೂ ಹೆಂಡತಿಗೂ ಮಕ್ಕಳಿಲ್ಲ. ಇಲ್ಲ ಎನ್ನುವುದು ಅಷ್ಟಾಗಿ ಗೊತ್ತಾಗದಂತೆ ಮಾಡಿದ್ದವಳು ಇವಳೇ. ಬಂದವಳೇ ಅವನ ಬೆನ್ನಿಗೆ ಜೋತುಬಿದ್ದು ಕಿವಿಯಲ್ಲಿ ಹೊಸ ಭಾಷೆಯಲ್ಲಿ ಏನೋ ಅಂದಳು. "ಅದೇನೇ, ಬೆಕ್ಕು ಸೀನಿದ ಹಾಗೆ?" ಎಂದ. "ಶುಭೋದಯ ಅಂತ ದೊಡ್ಡಪ್ಪ. ನಾನು ಅಪ್ಪಂಗಿಂತ ಚೆನ್ನಾಗಿ ಹೇಳ್ತೀನಿ. ಅಪ್ಪಂಗೆ ನಾಲಗೆನೇ ಹೊರಳಲ್ಲ." ಅವನಿಗೆ ಒಂದು ಕ್ಷಣ ಹಿತವಾಯಿತು. ನಾಲಗೆ ಹೊರಳುವುದಿಲ್ಲವೇ? ಮಾತು ಚೆನ್ನಾಗಿದೆ ಎಂದು ಟೇಪು ಹಾಕಿಸಿಕೊಂಡವನಿಗೆ? ಥೂ, ಮಗುವಿನ ಬಾಯಿಂದ ಇಂಥದ್ದನ್ನು ಹೆಕ್ಕಿ ತಿನ್ನುವ ಸ್ಥಿತಿಗೆ ಬಂದೆನಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು. ಪುಟ್ಟಿ ಅವನ ಡಬ್ಬಿಯಿಂದ ಬಣ್ಣದ ಗುಂಡಿ ಆರಿಸಿಕೊಳ್ಳುತ್ತ, "ನೀನ್ಯಾಕೆ ಬರಲ್ಲ ದೊಡ್ಡಪ್ಪ?" ಎಂದಳು. "ನಾನು ಬಂದ್ರೆ ಈ ಊರಿಗೆ ಕೋಟು ಹೊಲಿಯೋರು ಯಾರು? ಎಲ್ಲ ಬರೀ ಮೈಲಿ ಓಡಾಡ್ಬೇಕಾಗುತ್ತೆ." ಅವಳು ಕಿಲಕಿಲ ನಕ್ಕಳು. "ಅಪ್ಪ ಬರ್ತಾ ಇದಾನೆ. ನಿನ್ನ ಹತ್ರ ಪಾಠ ಹೇಳಿಸ್ಕೊಳ್ಳೋಕೆ. ಬೈಬೇಡ" ಎಂದು ಹೇಳಿ ದೊಡ್ಡಮ್ಮನ ಹತ್ತಿರ ಓಡಿದಳು.

ತಮ್ಮ ಬಂದ. ಬಗಲಲ್ಲಿ ಬಟ್ಟೆಯ ತುಂಡು, ಕಾಲರಿನೊಳಗೆ ಕೂರಿಸುವ ಗಡುಸು ಕ್ಯಾನ್ವಾಸ್, ಒಂದು ಸುತ್ತು ದಾರ. ಹಿಂದೆಯೇ ಬಂದ ಅವನ ಹೆಂಡತಿ, "ಭಾವ, ಟೀ ಆಯ್ತಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಓರಗಿತ್ತಿಯನ್ನು ಹುಡುಕಿಕೊಂಡು ಅಡುಗೆಮನೆಗೆ ಹೋದಳು. ತಮ್ಮ ನೆಲದ ಮೇಲೆ, ಅಣ್ಣನ ಕಾಲ ಬುಡದಲ್ಲಿ ಕುಳಿತುಬಿಟ್ಟ. ಕೊರಳಲ್ಲಿ ಟೇಪು ಇರಲಿಲ್ಲ. "ಅಣ್ಣಾ, ಅಲ್ಲಿ ನಮ್ಮ ಹಾಗೆ ಕಟಿಂಗ್ ಬೇರೆ ಹೊಲಿಗೆ ಬೇರೆ ಅಂತಿಲ್ಲವಂತೆ. ಒಂದು ಕೋಟು ಅಂದ್ರೆ ಮೊದಲಿಂದ ಕೊನೆವರೆಗೂ ಒಬ್ಬನೇ ಅಂತೆ. ಮೊದಲನೇದು ನೋಡಿ ಯಾವ ಮೇಜಲ್ಲಿ ಕೂರಬೇಕು ಅಂತ ಹೇಳ್ತಾರೆ. ಸರಿಯಿಲ್ಲ ಅಂದ್ರೆ ಗುಂಡಿ ಹಚ್ಚೋಕೆ ಕೂರಿಸ್ತಾರೆ" ಎಂದ. "ಸರಿ, ಅದಕ್ಕೆ?" "ಕಾಲರ್ ಹೇಳ್ಕೊಡು." ಇಷ್ಟು ವರ್ಷದಲ್ಲಿ ತಮ್ಮ ಅವನನ್ನು ಕೆಲಸದ ವಿಷಯದಲ್ಲಿ ಏನನ್ನೂ ಕೇಳಿರಲಿಲ್ಲ. ಹೇಳಿದ್ದ, ಅಷ್ಟೇ: ಅಣ್ಣಾ ಇದು ನಾಳೆಗೆ ಬೇಕು, ಅಣ್ಣಾ ಇದರ ತೋಳು ಸ್ವಲ್ಪ ತೆಗಿ. ಈಗ ಕೇಳುತ್ತಿದ್ದಾನೆ. ಅವನ ಎದೆಯಲ್ಲಿ ಏನೋ ಒಂದು ಅರಳಿತು, ಒಳ್ಳೆಯದೇ ಎಂದುಕೊಂಡ. ಅರಳಿದ ಮೇಲೆ ನೋಡಿದರೆ ಅದು ಒಳ್ಳೆಯದಾಗಿರಲಿಲ್ಲ. ಕಣ್ಣೆದುರಿಗೆ ಯಾವುದೋ ಊರಿನ ದೊಡ್ಡ ಕೋಣೆ ಬಂತು, ಸಾಲುಸಾಲು ಮೇಜು, ಎಲ್ಲದಕ್ಕಿಂತ ಹಿಂದೆ ಬಾಗಿಲ ಬಳಿ ತಮ್ಮ ಗುಂಡಿ ಹಚ್ಚುತ್ತ ಕುಳಿತಿದ್ದಾನೆ. ಆ ನೋಟವನ್ನು ಅವನು ಬೇಗ ದೂರ ತಳ್ಳಲಿಲ್ಲ. ಸ್ವಲ್ಪ ಹೊತ್ತು ಇರಗೊಟ್ಟ.

ಕಾಲರಿನಲ್ಲಿ ಇರುವುದು ಒಂದೇ ಗುಟ್ಟು. ಬಟ್ಟೆಗೆ ಕ್ಯಾನ್ವಾಸ್ ಕೂರಿಸಿ ಸಣ್ಣ ಸಣ್ಣ ಓರೆ ಹೊಲಿಗೆ ಹಾಕುತ್ತ ಹೋಗುವಾಗ ಅದನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಬಾರದು. ಎಡಗೈಯ ತೋರುಬೆರಳ ಮೇಲೆ ಬಾಗಿಸಿ ಹಿಡಿದುಕೊಂಡೇ ಹೊಲಿಯಬೇಕು. ಹಾಗೆ ಹೊಲಿದರೆ ಆ ಬಾಗು ಬಟ್ಟೆಯೊಳಗೇ ನಿಂತುಬಿಡುತ್ತದೆ, ಆಮೇಲೆ ಯಾರು ಎತ್ತಿ ಬಿಟ್ಟರೂ ಕಾಲರು ಕತ್ತಿಗೇ ಬಂದು ಒರಗುತ್ತದೆ. ಮೇಜಿನ ಮೇಲೆ ಹರಡಿ ಹೊಲಿದದ್ದು ನೋಡಲು ಇನ್ನೂ ನೀಟಾಗಿರುತ್ತದೆ, ಇಸ್ತ್ರಿಗೆ ಚೆನ್ನಾಗಿ ಕೂರುತ್ತದೆ. ತೊಟ್ಟವನು ಒಂದು ಸಲ ತಲೆ ತಿರುಗಿಸಿದ ಮೇಲೆ ಕತ್ತು ಬಿಟ್ಟು ಎದ್ದು ನಿಲ್ಲುತ್ತದೆ, ಮತ್ತೆ ಏನು ಮಾಡಿದರೂ ಕೂರುವುದಿಲ್ಲ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಎಷ್ಟೋ ಕಾಲರು ಕೆಡಿಸಿ ಕೆಡಿಸಿ ಅವನ ಬೆರಳೇ ಕಂಡುಕೊಂಡದ್ದು. ಹೇಳಬೇಕೆಂದು ಬಾಯಿ ತೆರೆದ. ತೆರೆದ ಬಾಯಿಂದ, "ಮೊದಲು ಆ ಮಣೆ ಮೇಲೆ ಚೆನ್ನಾಗಿ ಹರಡ್ಕೋ. ಒಂದು ಸುಕ್ಕೂ ಇರಬಾರದು" ಎನ್ನುವ ಮಾತು ಬಂತು. ಅಯ್ಯೋ, ಎಷ್ಟು ಸರಾಗವಾಗಿ ಬಂತು! ನಾಲಗೆ ತೊದಲಲಿಲ್ಲ, ಕಿವಿ ಬಿಸಿಯಾಗಲಿಲ್ಲ. ತಮ್ಮ ತಲೆ ಎತ್ತಿ ಒಂದು ಸಲ ಅವನ ಮುಖ ನೋಡಿದ. "ಹರಡಿ ಹೊಲೀಬೇಕಾ?" "ಹೂಂ ಮತ್ತೆ? ಗಾಳಿಯಲ್ಲಿ ಹೊಲೀತಾರಾ?" ತಮ್ಮ, "ಆಯ್ತು" ಎಂದು ಮಣೆಯ ಮೇಲೆ ಬಟ್ಟೆ ಹರಡಿದ.

ಸೂಜಿ ಓಡತೊಡಗಿತು. ತಮ್ಮನ ಹೊಲಿಗೆ ಸ್ವಲ್ಪ ದೊಡ್ಡದು, ಆದರೂ ಸಾಲು ತಪ್ಪುತ್ತಿರಲಿಲ್ಲ. ಬಾಗಿದ ತಲೆಯ ನಡುನೆತ್ತಿಯಲ್ಲಿ ಕೂದಲು ತೆಳುವಾಗಿ ಚರ್ಮ ಕಾಣುತ್ತಿತ್ತು. ಅದನ್ನು ಅವನು ಈವರೆಗೆ ನೋಡಿರಲಿಲ್ಲ, ತಮ್ಮ ಅವನೆದುರಿಗೆ ನಿಂತೇ ಇರುತ್ತಿದ್ದವನಲ್ಲವೇ. ಚಿಕ್ಕವನಾಗಿದ್ದಾಗ ಈ ತಲೆಗೆ ಅವನೇ ಎಣ್ಣೆ ಹಚ್ಚಿದ್ದ. ಅಮ್ಮ ಕೆಲಸಕ್ಕೆ ಹೋದಾಗ ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೀದಿಯೆಲ್ಲ ತಿರುಗಿದ್ದ, ಇವನು ಬಿಸ್ಕತ್ತಿಗೆ ಅತ್ತರೆ ತನ್ನ ಪಾಲನ್ನೂ ಕೊಟ್ಟಿದ್ದ. ಕೊಟ್ಟಿದ್ದು ನಿಜ, ಕೊಟ್ಟ ಮೇಲೆ ಇವನು ತಿನ್ನುವುದನ್ನು ಕೊನೆಯ ಚೂರಿನವರೆಗೂ ನೋಡುತ್ತ ನಿಂತಿದ್ದು ಕೂಡ ನಿಜ. ಈಗಲೂ ಹಾಗೆಯೇ ನೋಡುತ್ತಿದ್ದ. ಇನ್ನೂ ಹೇಳಬಹುದು ಎಂದುಕೊಂಡ. ಅರ್ಧಕ್ಕೆ ಬಂದಾಗ ಹೇಳಿದರಾಯಿತು, ಮರೆತಿದ್ದೆ ಕಣೋ ಎಂದರಾಯಿತು. ಅರ್ಧ ಕಳೆಯಿತು. ಮುಗಿದ ಮೇಲೆ ಹೇಳಿದರೆ ಪಾಠ ಇನ್ನೂ ಚೆನ್ನಾಗಿ ಮನಸ್ಸಿಗೆ ಹೋಗುತ್ತದೆ ಎಂದು ಹೊಸ ನೆಪ ಹುಡುಕಿಕೊಂಡ. ಬಾಯಲ್ಲಿ, "ಹೊಲಿಗೆ ಸಣ್ಣಕ್ಕೆ ಬರ್ಲಿ. ಕೈ ಭಾರ ಬಿಡಬೇಡ" ಎಂದು ಸರಿಯಾದ ಮಾತುಗಳನ್ನೂ ನಡುನಡುವೆ ಸೇರಿಸುತ್ತಿದ್ದ. ಸುಳ್ಳಿನ ಸುತ್ತ ನಿಜವನ್ನು ಇಷ್ಟು ಚೊಕ್ಕವಾಗಿ ಹೊಲಿಯಲು ತನಗೆ ಬರುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಅಡುಗೆಮನೆಯಲ್ಲಿ ಓರಗಿತ್ತಿಯರು ಪಾತ್ರೆ ಜೋಡಿಸುತ್ತ ಮಾತಾಡುತ್ತಿದ್ದರು. ತಮ್ಮನ ಹೆಂಡತಿಗೆ ತಗ್ಗಿದ ದನಿಯಲ್ಲಿ ಮಾತಾಡಲು ಬರುವುದಿಲ್ಲ, ಅವಳ ಗುಟ್ಟುಗಳು ಕೂಡ ಬೀದಿಗೆ ಕೇಳುತ್ತವೆ ಎಂದು ಮನೆಯಲ್ಲೆಲ್ಲ ತಮಾಷೆ. "ಒಬ್ಬಳೇ ಅಲ್ಲಿ ಏನ್ ಮಾಡ್ಲಿ ಅಕ್ಕಾ, ಮಾತಿಗೊಂದು ಜನ ಇಲ್ಲ. ನೀವೂ ಬಂದಿದ್ರೆ ಮೇಲೆ ಕೆಳಗೆ ಇದ್ದ ಹಾಗೇ ಇರಬಹುದಿತ್ತು. ಅವರು ಇಬ್ಬರನ್ನೂ ಕೇಳಿದ್ರಂತಲ್ಲ. ಭಾವ ಒಲ್ಲೆ ಅಂದ ಮೇಲೆ..." ಪಾತ್ರೆಯ ಸದ್ದು ನಿಂತಿತು. "ಯಾರು ಒಲ್ಲೆ ಅಂದದ್ದು?" ಎನ್ನುವ ಹೆಂಡತಿಯ ದನಿ ಕೇಳಿಸಿತು. ತಮ್ಮನ ಸೂಜಿಯೂ ಬಟ್ಟೆಯಲ್ಲಿ ಅರ್ಧ ಚುಚ್ಚಿ ನಿಂತಿತ್ತು. ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಇಬ್ಬರನ್ನೂ ಎಂದರೆ? ತಮ್ಮ ಮತ್ತು ತಮ್ಮನ ಹೆಂಡತಿಯನ್ನೇ? ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಒದ್ದೆ ಕೈಯನ್ನು ಒರೆಸಿಕೊಂಡಿರಲಿಲ್ಲ. ಬೆರಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳ ಹಿಂದೆ ತಮ್ಮನ ಹೆಂಡತಿ ನಾಲಗೆ ಕಚ್ಚಿಕೊಂಡು ನಿಂತಿದ್ದಳು.

"ಏನೋ ಇದು?" ಎಂದ. ದನಿ ಅವನೆಣಿಸಿದ್ದಕ್ಕಿಂತ ಸಣ್ಣದಾಗಿ ಬಂತು.

ತಮ್ಮ ಬಟ್ಟೆಯನ್ನು ಬದಿಗಿಟ್ಟ. "ಅವತ್ತೇ ಹೇಳಿದೆ ಅಣ್ಣಾ ಆ ಕನ್ನಡಕದವರಿಗೆ. ಕಟಿಂಗ್ ನಂದು, ಕಾಲರ್ ನಮ್ಮಣ್ಣಂದು ಅಂತ. ಹಾಗಾದ್ರೆ ಇಬ್ಬರೂ ಬನ್ನಿ ಅಂದ್ರು. ನಿನ್ನನ್ನ ಕೂಗಿದೆ, ಒಂದಲ್ಲ ನಾಲ್ಕು ಸಲ ಕೂಗಿದೆ. ನೀನು ಮೆಷಿನ್ ತುಳೀತಾನೇ ಇದ್ದೆ."

"ಆಮೇಲೆ ಹೇಳೋಕೆ ಏನಾಗಿತ್ತು ನಿಂಗೆ? ಬಾಯಿ ಬಿದ್ದುಹೋಗಿತ್ತಾ?"

"ಕೇಳಿದೆ. ಅವತ್ತೇ ಅಂಗಡಿ ಬಾಗಿಲು ಎಳೆಯೋವಾಗ. ಅವರು ಕರೆದ್ರೆ ನೀನು ಹೋಗ್ತೀಯಾ ಅಣ್ಣಾ ಅಂತ ಕೇಳಲಿಲ್ವಾ? ನೀನೇನಂದೆ?"

ಅವನೇನಂದಿದ್ದ ಎನ್ನುವುದು ಅವನಿಗೆ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು. ಅಂಗಡಿಯವರೆಲ್ಲ ಬೀದಿಯಲ್ಲಿ ನಿಂತಿದ್ದರು, ಯಜಮಾನರು ಬೀಗ ಹಿಡಿದುಕೊಂಡಿದ್ದರು. ಎಲ್ಲರೆದುರಿಗೆ ಅವನು ಕೊರಳಲ್ಲಿಲ್ಲದ ಕನ್ನಡಕದ ಸರಪಳಿಯನ್ನು ಸರಿಮಾಡಿಕೊಂಡು, ಆ ತೆಳ್ಳನೆಯವನ ನಡಿಗೆ ನಡೆದು ತೋರಿಸಿ, "ಕರೀಲಿ ಕರೀಲಿ. ಇಲ್ಲಿ ಕೈಲಾಗದೋರೇ ಅಲ್ಲಿಗೆ ಹೋಗೋದು ಕಣೋ. ನಂಗೇನು ಬಂದಿದೆ ದಾಡಿ?" ಎಂದಿದ್ದ. ಎಲ್ಲರೂ ನಕ್ಕಿದ್ದರು. ತಮ್ಮನೂ ನಕ್ಕಿದ್ದ, ಆದರೆ ಕಣ್ಣಲ್ಲಿ ನೀರು ಬರುವ ಹಾಗೆ ಅಲ್ಲ. ಅದು ತಮ್ಮನ ಕೈ ಕುಲುಕಿದ್ದು ನೋಡಿದ ಉರಿಯಲ್ಲಿ ಆಡಿದ ಮಾತು. ತಮ್ಮನಿಗೆ ತಾಗಲಿ ಎಂದೇ ಆಡಿದ ಮಾತು. ತಮ್ಮನಿಗೆ ತಾಗಿತ್ತೋ ಇಲ್ಲವೋ, ತನ್ನ ಕಾಲಿಗಂತೂ ತಾನೇ ಕೊಡಲಿ ಹಾಕಿಕೊಂಡಿದ್ದ. ಇಷ್ಟು ದಿನ ಅವನು ತಮ್ಮನ ಮೇಲೆ ಹೊರಿಸಿದ್ದ ತಪ್ಪೆಲ್ಲ ಈಗ ಎದ್ದು ಬಂದು ಅವನ ಮಡಿಲಲ್ಲೇ ಕುಳಿತಿತು. ಮೂಲೆಯಂಗಡಿಯವನು ಕೇಳಿದ್ದು, ಕ್ಷೌರದವನು ಕೇಳಿದ್ದು, ತುಸು ಮೊದಲು ಪುಟ್ಟಿ ಕೇಳಿದ್ದು ಎಲ್ಲ ಒಂದೇ ಸಲಕ್ಕೆ ನಿಜವಾದ ಪ್ರಶ್ನೆಗಳಾದವು. ನೀವ್ಯಾಕೆ ಹೋಗ್ತಿಲ್ಲ? ಹೌದು, ಯಾಕೆ ಹೋಗುತ್ತಿಲ್ಲ?

ತಮ್ಮ ಹೇಳುತ್ತಿದ್ದ: "ಈಗಲೂ ಹೊತ್ತು ಮೀರಿಲ್ಲ ಅಣ್ಣಾ. ಆ ಜಾಗಕ್ಕೆ ಇನ್ನೂ ಯಾರನ್ನೂ ತಗೊಂಡಿಲ್ಲವಂತೆ. ಹೂಂ ಅನ್ನು, ನಾಳೆ ನಾನೇ ಮಾತಾಡ್ತೀನಿ. ಸ್ವಲ್ಪ ತಡವಾಗಿ ಹೊರಡ್ತೀರಿ, ಅಷ್ಟೇ. ಅತ್ತಿಗೆ, ನೀವಾದ್ರೂ ಹೇಳಿ." ಹೆಂಡತಿ ಅವನ ಬಾಯಿಯನ್ನೇ ನೋಡುತ್ತಿದ್ದಳು. ಎಂದೂ ಏನನ್ನೂ ಬೇಕು ಎಂದವಳಲ್ಲ. ಅವಳ ಮುಖ ಹೀಗೂ ಇರಬಲ್ಲದು ಎಂದು ಅವನು ನೋಡಿದ್ದು ಇದೇ ಮೊದಲು. ಪುಟ್ಟಿ ದೊಡ್ಡಮ್ಮನ ಸೆರಗಿನ ಸಂದಿಯಿಂದ, "ಬಾ ದೊಡ್ಡಪ್ಪಾ" ಎಂದಳು. ಹೂಂ. ಒಂದೇ ಒಂದು ಅಕ್ಷರ. ಅದು ಅವನ ಗಂಟಲವರೆಗೆ ಬಂದಿತ್ತು, ಸುಳ್ಳಲ್ಲ. ಅಲ್ಲಿಯ ಬೆಳಕು, ಅಲ್ಲಿಯ ಕೋಣೆ, ತನ್ನದೇ ಒಂದು ಮೇಜು, ತಾನೇ ಕತ್ತರಿಸಿ ತಾನೇ ಹೊಲಿದ ಕೋಟು, ಎಲ್ಲ ಕಣ್ಣಿಗೆ ಕಟ್ಟಿದವು. ಆಮೇಲೆ ಆ ಕೋಣೆಯ ಬಾಗಿಲು ತೆರೆದು ತಮ್ಮ ಮುಂದೆ ಬರುತ್ತಾನೆ, "ಇವನು ನಮ್ಮಣ್ಣ, ನಾನು ಹೇಳಿದ್ನಲ್ಲ" ಎನ್ನುತ್ತಾನೆ. ತಮ್ಮ ಹೇಳಿದ್ದರಿಂದ ಬಂದವನು. ತಮ್ಮನ ಹಿಂದೆ ಬಂದವನು. ಇನ್ನು ಉಳಿದ ಆಯುಷ್ಯವೆಲ್ಲ, ಇನ್ನೊಂದು ಭಾಷೆಯಲ್ಲಿ, ಹೊರಟವನ ಅಣ್ಣ. ಗಂಟಲಿಗೆ ಬಂದದ್ದು ಹಿಂದೆ ಸರಿಯಿತು. ಅದರ ಜಾಗದಲ್ಲಿ ನಗು ಬಂತು, ಅವನ ಎಂದಿನ ನಗು, ಒಳಕೋಣೆಯವರನ್ನೆಲ್ಲ ನಗಿಸುತ್ತಿದ್ದ ನಗು.

"ಹೋಗೋ ಹೋಗೋ. ಈ ವಯಸ್ಸಲ್ಲಿ ನಾನು ಹೋಗಿ ಬೆಕ್ಕು ಸೀನಿದ ಹಾಗೆ ಮಾತಾಡ್ಲಾ? ನಿಮಗೆ ಬೇಕು, ನೀವು ಹೋಗಿ. ನಂಗೆ ನನ್ನ ಊರು ಸಾಕು."

ಯಾರೂ ನಗಲಿಲ್ಲ. ಪುಟ್ಟಿ ಕೂಡ. ಹೆಂಡತಿ ಒದ್ದೆ ಕೈಯನ್ನು ಈಗ ಒರೆಸಿಕೊಂಡಳು, ನಿಧಾನವಾಗಿ, ಒಂದೊಂದು ಬೆರಳನ್ನೂ. "ನಿಮ್ಮನ್ನ ಅವನು ಎರಡು ಸಲ ಕೇಳಿದ" ಎಂದಳು. "ನನ್ನನ್ನ ಯಾರೂ ಒಂದು ಸಲವೂ ಕೇಳಲಿಲ್ಲ." ಕೂಗಲಿಲ್ಲ, ಅಳಲಿಲ್ಲ, ಅಷ್ಟು ಹೇಳಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಹಾಕಿಕೊಂಡ ಬಾಗಿಲು ಸದ್ದು ಮಾಡದಂತೆ ಚಿಲಕವನ್ನೂ ಮೆಲ್ಲಗೆ ಸರಿಸಿದಳು. ತಮ್ಮನ ಹೆಂಡತಿ, "ಅಯ್ಯೋ, ನನ್ನ ಹಾಳು ಬಾಯಿ" ಎಂದು ಹಣೆ ಚಚ್ಚಿಕೊಂಡು, ಪುಟ್ಟಿಯ ಕೈ ಹಿಡಿದು ಎಳೆದುಕೊಂಡು ಮೇಲೆ ಹೋದಳು. ಹೋಗುವಾಗ ಪುಟ್ಟಿ ಮುಷ್ಟಿಯಲ್ಲಿದ್ದ ಗುಂಡಿಗಳನ್ನು ಡಬ್ಬಿಗೆ ಹಾಕಿ ಹೋದಳು; ಅವನು ಅವನ್ನು ತಗೋಬೇಡ ಎಂದಿರಲಿಲ್ಲ, ವಾಪಸು ಹಾಕೆಂದೂ ಹೇಳಿರಲಿಲ್ಲ.

ತಮ್ಮ ಒಬ್ಬನೇ ಉಳಿದ. ಉಳಿದಿದ್ದ ಎರಡು ಸಾಲು ಹೊಲಿಗೆಯನ್ನು ಏನೂ ಆಗಿಲ್ಲವೇನೋ ಎನ್ನುವಂತೆ ಮುಗಿಸಿ, ದಾರ ಕತ್ತರಿಸಿ, ಕಾಲರನ್ನು ಮಡಚದೆ ಚಪ್ಪಟೆಯಾಗಿಯೇ ಕೈಯಲ್ಲಿ ಹಿಡಿದುಕೊಂಡು ಎದ್ದ. "ಬರ್ತೀನಿ ಅಣ್ಣಾ" ಎಂದ. ಬಾಗಿಲು ದಾಟಿ ಮೆಟ್ಟಿಲ ಹತ್ತಿರ ಹೋದ. ಅವನು ಕುಳಿತಲ್ಲೇ ಕುಳಿತಿದ್ದ. ಹೋಗಲಿ ಬಿಡು, ಅಲ್ಲಿ ಹೋಗಿ ಗೊತ್ತಾಗುತ್ತದೆ, ಯಾರಾದರೂ ಹೇಳಿಕೊಡುತ್ತಾರೆ ಎಂದುಕೊಂಡ. ಯಾರು ಹೇಳಿಕೊಡುತ್ತಾರೆ? ಆ ತೆಳ್ಳನೆಯವನು ಕಾಲರನ್ನು ಎತ್ತುತ್ತಾನೆ, ಕೈಬಿಡುತ್ತಾನೆ, ಅದು ಎದ್ದೇ ನಿಂತಿರುತ್ತದೆ. ಪುಟ್ಟಿ ಅಪ್ಪನ ಮುಖ ನೋಡುತ್ತಾಳೆ. ಅವನು ಎದ್ದು ಬರಿಗಾಲಲ್ಲೇ ಮೆಟ್ಟಿಲಿಗೆ ಓಡಿದ. ತಮ್ಮ ತಿರುವಿನಲ್ಲಿದ್ದ.

"ಏ, ನಿಲ್ಲೋ." ಅಷ್ಟು ಕೂಗಿ ಮೆಟ್ಟಿಲ ಪಕ್ಕದ ಕಟಕಟೆ ಹಿಡಿದು ನಿಂತ. "ಅದು... ಅದನ್ನ ಬಿಚ್ಚಿಹಾಕು. ಹರಡಿ ಹೊಲೀಬಾರದು. ನಾನು ತಪ್ಪು ಹೇಳಿಕೊಟ್ಟೆ."

"ಗೊತ್ತು ಅಣ್ಣಾ" ಎಂದ ತಮ್ಮ.

"ಏನು ಗೊತ್ತು?"

"ಬೆರಳ ಮೇಲೆ ಬಾಗಿಸಿ ಹೊಲೀಬೇಕು ಅಂತ. ಇಷ್ಟು ವರ್ಷ ಪರದೆ ಸಂದಿಯಿಂದ ನಿನ್ನ ಕೈ ನೋಡ್ತಾನೇ ಇದ್ದೀನಲ್ಲ."

ಕಟಕಟೆಯ ಕಬ್ಬಿಣ ಅಂಗೈಗೆ ತಣ್ಣಗೆ ಕೊರೆಯುತ್ತಿತ್ತು. ನೋಡುತ್ತಿದ್ದನೇ? ಪರದೆಯ ಸಂದಿಯಿಂದ ನೋಡುತ್ತಿದ್ದವನು ತಾನೊಬ್ಬನೇ ಎಂದುಕೊಂಡಿದ್ದ ಅವನು. "ಗೊತ್ತಿದ್ದು ಯಾಕೆ ಹಾಗೆ ಹೊಲಿದೆ? ಗೊತ್ತಿದ್ದು ಯಾಕೆ ಬಂದೆ?" ಎಂದು ಕೇಳಿದ. ಸಿಟ್ಟಿನಿಂದಲೇ ಕೇಳಿದ.

ತಮ್ಮ ಕೈಲಿದ್ದ ಕಾಲರನ್ನು ತಿರುಗಿಸಿ ನೋಡಿದ. "ಕದ್ದು ನೋಡಿದ್ದು ಅದು. ನೀನು ಕೊಟ್ಟಿದ್ದಲ್ಲ. ಅಣ್ಣ ಹೇಳಿಕೊಟ್ಟ ಅಂತ ಅಲ್ಲಿ ಹೇಳ್ಕೋಬೇಕು ಅಂತ ಆಸೆ ಇತ್ತು, ಅದಕ್ಕೆ ಬಂದೆ. ನೀನು ಹರಡು ಅಂದೆ, ಹರಡಿದೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಸು ಅಂತೀಯೇನೋ ಅಂತ ಕಾಯ್ತಾ ಇದ್ದೆ." ಕಾಲರನ್ನು ಬಗಲಿಗೆ ಸೇರಿಸಿ, "ಈಗ ಹೇಳಿದೆಯಲ್ಲ, ಬಿಡು" ಎಂದ. ದನಿಯಲ್ಲಿ ಕೊಂಕಿರಲಿಲ್ಲ. ಇರಬೇಕಿತ್ತು, ಒಂದು ಚೂರಾದರೂ ಇರಬೇಕಿತ್ತು ಎಂದು ಅವನು ಕಿವಿಗೊಟ್ಟು ಹುಡುಕಿದ. ತಮ್ಮ ಹತ್ತಿ ಹೋದ. ಮೇಲೆ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು.

ಕೆಳಗೆ ಕೋಣೆಯ ಬಾಗಿಲ ಹಿಂದೆ ಹೆಂಡತಿಯಿದ್ದಳು. ಹೋಗಿ ತಟ್ಟಬೇಕು, ಕೇಳಬೇಕು ಎಂದು ಅವನಿಗೆ ಗೊತ್ತಿತ್ತು. ಆದರೆ ಕಟಕಟೆ ಹಿಡಿದುಕೊಂಡು ಅಲ್ಲೇ ಉಳಿದ. ತಮ್ಮ ಬೈದಿದ್ದರೆ, ಹಾಳಾಗಿಹೋಗು ಎಂದು ಕಾಲರನ್ನು ಮುಖದ ಮೇಲೆ ಬಿಸಾಕಿದ್ದರೆ, ಕ್ಷಮಿಸುವ ಸರದಿ ತನಗೆ ಬರುತ್ತಿತ್ತು. ಇಬ್ಬರಲ್ಲಿ ಯಾರೋ ಒಬ್ಬರು ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಹೊಲಿಯುತ್ತ ಕೂರಬೇಕಿತ್ತು, ಕೊನೆಗೆ ಬಿಡು ಎನ್ನಬೇಕಿತ್ತು. ಆ ದೊಡ್ಡತನವೂ ತಮ್ಮನ ಪಾಲಿಗೇ ಹೋಯಿತಲ್ಲ ಎಂದು ಅವನ ಹೊಟ್ಟೆ ಉರಿಯಿತು.